ಹಳೇ ಚೀನೀ ಜೇಡ್‌ಗೆ ಬೆಲೆ ಕಟ್ಟುವುದು ಯಾಕಿಷ್ಟು ಕಷ್ಟ?

ಎರಡು ಸುದ್ದಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 2021ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್‌ನ ಸದಬೀಸ್ ಹರಾಜಿನಲ್ಲಿ ಬಿಳಿ ಜೇಡ್ ಕಲ್ಲಿನ ಒಂದು ಮುದ್ರೆ 14.57 ಕೋಟಿ ಹಾಂಗ್‌ಕಾಂಗ್ ಡಾಲರ್‌ಗೆ ಮಾರಾಟವಾಯಿತು. ಆಗಿನ ಲೆಕ್ಕದಲ್ಲಿ ಸುಮಾರು 140 ಕೋಟಿ ರೂಪಾಯಿ. ಅದು 18ನೇ ಶತಮಾನದ ಚೀನಾದ ಚಕ್ರವರ್ತಿ ಚಿಯೆನ್‌ಲಾಂಗ್‌ನದ್ದು. ಇದಕ್ಕೆ ಹತ್ತು ವರ್ಷ ಮೊದಲು, 2011ರಲ್ಲಿ, ಬೀಜಿಂಗ್‌ನ ಒಂದು ಹರಾಜಿನಲ್ಲಿ ಜೇಡ್‌ನ ಅಲಂಕಾರದ ಮೇಜು ಮತ್ತು ಸ್ಟೂಲು 22 ಕೋಟಿ ಯುವಾನ್‌ಗೆ ಹೋಗಿತ್ತು. ಅಂದರೆ ಇದೂ ಹೆಚ್ಚುಕಡಿಮೆ 150 ಕೋಟಿ ರೂಪಾಯಿ. ಎರಡು ಸಾವಿರ ವರ್ಷ ಹಿಂದಿನ ಹಾನ್ ರಾಜರ ಕಾಲದ್ದು ಅಂತ ಹೇಳಿ ಮಾರಿದ್ದರು. ಆಮೇಲೆ ಗೊತ್ತಾಗಿದ್ದು, ಅದನ್ನು ಜಿಯಾಂಗ್ಸು ಪ್ರಾಂತ್ಯದ ಪಿಝೋ ಎಂಬ ಊರಿನ ಕುಶಲಕರ್ಮಿಗಳು ಮಾಡಿದ್ದು 2010ರಲ್ಲಿ!

ಈ ಎರಡನೇ ಸುದ್ದಿಯಲ್ಲಿ ತಮಾಷೆಯ ಸಂಗತಿಯೊಂದಿದೆ. ಹಾನ್ ಕಾಲದ ಜನ ನೆಲದ ಮೇಲೆ, ಚಾಪೆ ಹಾಸಿಕೊಂಡು ಕೂರುತ್ತಿದ್ದರು. ಕಾಲು ಇಳಿಬಿಟ್ಟು ಕೂರುವ ಪೀಠ ಚೀನಾದಲ್ಲಿ ರೂಢಿಗೆ ಬಂದಿದ್ದು ಎಷ್ಟೋ ಶತಮಾನಗಳ ನಂತರ. ಕದಂಬರ ಕಾಲದ ಶಾಸನದಲ್ಲಿ ಮೆಣಸಿನಕಾಯಿಯ ಹೆಸರು ಸಿಕ್ಕಿತು ಅಂದ ಹಾಗಾಯಿತು. ಆದರೂ ಅದು 22 ಕೋಟಿ ಯುವಾನ್‌ವರೆಗೆ ಏರಿತು.

ಈಗ ಮೂರನೇ ಸುದ್ದಿ. 2025ರ ಜೂನ್ 28ರಿಂದ ಯುರೋಪಿಯನ್ ಯೂನಿಯನ್ನಿನ ಒಳಗೆ ಹೊರಗಿನ ದೇಶಗಳ ಹಳೇ ವಸ್ತುಗಳನ್ನು ತರುವ ನಿಯಮ ಬಿಗಿಯಾಗಿದೆ. ಇದು ಕಳ್ಳಸಾಗಣೆ ತಡೆಯುವುದಕ್ಕೆ ಅಂತ ಒಂದು ಕಡೆಯವರು, ಪ್ರಾಮಾಣಿಕ ವ್ಯಾಪಾರವನ್ನೇ ಮುಗಿಸುತ್ತದೆ ಅಂತ ಇನ್ನೊಂದು ಕಡೆಯವರು. ಕೋಟಿಗಟ್ಟಲೆ ಬೆಲೆ, ನಿನ್ನೆ ಮೊನ್ನೆಯ ನಕಲಿ, ಹೊಸ ಕಾನೂನು. ಮೂರಕ್ಕೂ ಬೇರು ಒಂದೇ. ಹಳೇ ಜೇಡ್ ಎಷ್ಟು ಹಳೆಯದು ಅಂತ ಹೇಳುವ ಯಂತ್ರ ಇಲ್ಲ. ಅಲ್ಲಿಂದಲೇ ಉಳಿದೆಲ್ಲ ಹೊರಡುತ್ತದೆ.

ಜೇಡ್ ಅಂದರೆ ಒಂದೇ ಕಲ್ಲಲ್ಲ

ಮೊದಲು ಕಲ್ಲಿನ ಗೊಂದಲ ಬಿಡಿಸಿಕೊಳ್ಳೋಣ. ನಮ್ಮಲ್ಲಿ ಹಸಿರು ಕಲ್ಲು ಕಂಡರೆ ಪಚ್ಚೆ ಅಂದುಬಿಡುತ್ತೇವೆ. ಪಚ್ಚೆಯೇ ಬೇರೆ, ಜೇಡ್ ಬೇರೆ. ಜೇಡ್ ಅನ್ನುವ ಹೆಸರಿನಲ್ಲೂ ಎರಡು ಕಲ್ಲುಗಳಿವೆ: ನೆಫ್ರೈಟ್ ಮತ್ತು ಜೇಡೈಟ್. ಎರಡೂ ಬೇರೆ ಬೇರೆ ಖನಿಜ ಅಂತ 1863ರಲ್ಲಿ ತೋರಿಸಿದ್ದು ಡಾಮೂರ್ ಎಂಬ ಫ್ರೆಂಚ್ ಖನಿಜ ತಜ್ಞ. ಅಲ್ಲಿಯವರೆಗೆ ಯುರೋಪಿನವರಿಗೆ ಎರಡೂ ಒಂದೇ ಆಗಿತ್ತು.

ಚೀನಾದವರು ಸಾವಿರಾರು ವರ್ಷದಿಂದ ಬಳಸಿದ್ದು ನೆಫ್ರೈಟ್. ಅವರ ಭಾಷೆಯಲ್ಲಿ 'ಯೂ'. ಅದರಲ್ಲಿ ತುಂಬಾ ಹೆಸರುವಾಸಿಯಾಗಿದ್ದು ಈಗಿನ ಶಿನ್‌ಜಿಯಾಂಗ್‌ನ ಖೋತಾನ್ ಕಡೆಯದು. ಕುನ್‌ಲುನ್ ಬೆಟ್ಟಗಳಿಂದ ಇಳಿಯುವ ಯುರುಂಗ್‌ಕಾಶ್ ಮತ್ತು ಕರಾಕಾಶ್ ನದಿಗಳ ಹರಳುಗಲ್ಲುಗಳ ನಡುವೆ ಅದನ್ನು ಆರಿಸುತ್ತಿದ್ದರು. ಯುರುಂಗ್‌ಕಾಶ್ ಅಂದರೆ ಬಿಳಿ ಜೇಡ್, ಕರಾಕಾಶ್ ಅಂದರೆ ಕಪ್ಪು ಜೇಡ್. ಹಸಿರೇ ಜೇಡ್‌ನ ಬಣ್ಣ ಅಂದುಕೊಂಡವರಿಗೆ ಇದು ಆಶ್ಚರ್ಯ. ಚೀನಾದಲ್ಲಿ ಬಹಳ ಮೆಚ್ಚಿದ್ದು ಬಿಳಿಯನ್ನು, ಅದರಲ್ಲೂ ಕುರಿಯ ಕೊಬ್ಬಿನಂತೆ ಸ್ವಲ್ಪ ಜಿಡ್ಡಿನ ಹೊಳಪಿರುವ ಬಿಳಿಯನ್ನು. ಅದನ್ನು ಅವರು ಕುರಿಕೊಬ್ಬಿನ ಜೇಡ್ ಅಂತಲೇ ಕರೆಯುತ್ತಾರೆ.

ಜೇಡೈಟ್ ಬಂದಿದ್ದು ಬರ್ಮಾದ ಕಚಿನ್ ಪ್ರದೇಶದಿಂದ. ಅದು ಚೀನಾಕ್ಕೆ ದೊಡ್ಡ ಪ್ರಮಾಣದಲ್ಲಿ ಬರಲು ಶುರುವಾಗಿದ್ದು 18ನೇ ಶತಮಾನದಲ್ಲಿ. ಕಣ್ಣಿಗೆ ರಾಚುವ ಹಸಿರಿನ ಬಳೆ, ಮಣಿ, ಉಂಗುರಗಳ ಜೇಡ್ ಅದೇ. ಆಭರಣದ ಮಾರುಕಟ್ಟೆಯಲ್ಲಿ ಅದರ ಬೆಲೆಯೇ ಬೇರೆ ಲೋಕ: 2014ರಲ್ಲಿ ಬಾರ್ಬರಾ ಹಟನ್ ಎಂಬ ಅಮೆರಿಕದ ಶ್ರೀಮಂತೆಯ ಜೇಡೈಟ್ ಮಣಿಸರ 21.4 ಕೋಟಿ ಹಾಂಗ್‌ಕಾಂಗ್ ಡಾಲರ್‌ಗೆ ಹೋಯಿತು. ಆದರೆ ಹಳೇ ಕೆತ್ತನೆಯ ವಿಷಯಕ್ಕೆ ಇದರಿಂದ ಒಂದು ಸುಲಭದ ಜರಡಿ ಸಿಗುತ್ತದೆ. ಯಾರಾದರೂ ಜೇಡೈಟ್ ಬೊಂಬೆ ತೋರಿಸಿ ಇದು ಅದಕ್ಕೂ ಹಿಂದಿನ ಸೊಂಗ್ ರಾಜರ ಕಾಲದ್ದು, ಮಿಂಗ್ ರಾಜರ ಕಾಲದ್ದು ಅಂದರೆ ಅಲ್ಲೇ ಎದ್ದು ಬರಬಹುದು. ಕಲ್ಲೇ ಆಗಿನ್ನೂ ಹಾಗೆ ಬರುತ್ತಿರಲಿಲ್ಲ.

ಇನ್ನು ಜೇಡ್ ಅಂತ ಹೇಳಿ ಮಾರುವ, ಆದರೆ ಜೇಡ್ ಅಲ್ಲದ ಕಲ್ಲುಗಳ ದೊಡ್ಡ ಸಂಸಾರವೇ ಇದೆ. ಸರ್ಪೆಂಟೈನ್, ಬಳಪದ ಕಲ್ಲು, ಹಸಿರು ಗಾಜು, ಬಣ್ಣ ಹಾಕಿದ ಬೆಣಚು. 'ಇಂಡಿಯನ್ ಜೇಡ್' ಅಂತ ಮಾರುವ ಮಿನುಗುವ ಹಸಿರು ಕಲ್ಲು ಅವೆಂಚುರೀನ್, ಬೆಣಚಿನ ಜಾತಿ. ಅದು ಸಿಗುವ ಜಾಗಗಳಲ್ಲಿ ನಮ್ಮ ಮೈಸೂರು ಸೀಮೆಯೂ ಒಂದು. ಕಲ್ಲು ಚೆನ್ನಾಗಿಯೇ ಇರುತ್ತದೆ, ಹೆಸರಷ್ಟೇ ಸುಳ್ಳು.

ಇವುಗಳನ್ನು ಬೇರ್ಪಡಿಸಲು ಚಾಕುವಿನಿಂದ ಗೀರಿ ನೋಡುವ ಅಭ್ಯಾಸ ಹಲವರಿಗಿದೆ. ಉಕ್ಕಿನ ಚಾಕು ನಿಜವಾದ ಜೇಡ್ ಅನ್ನು ಗೀರುವುದಿಲ್ಲ, ನಿಜ. ಆದರೆ ಬೆಣಚನ್ನೂ ಗೀರುವುದಿಲ್ಲ. ಅಂದರೆ ಪಾಸಾದ ಮಾತ್ರಕ್ಕೆ ಜೇಡ್ ಅಲ್ಲ, ಫೇಲಾದರೆ ವಸ್ತುವಿನ ಮೈಮೇಲೆ ಗಾಯ. ದಯವಿಟ್ಟು ಮಾಡಬೇಡಿ. ಇದಕ್ಕಿಂತ ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ ಒಳ್ಳೆಯದು. ಮೊದಲು ವಸ್ತುವನ್ನು ಹಾಗೇ ತೂಗಿ. ಆಮೇಲೆ ತಕ್ಕಡಿಯ ಮೇಲೆ ನೀರಿನ ಪಾತ್ರೆ ಇಟ್ಟು ಸೊನ್ನೆಗೆ ತನ್ನಿ, ವಸ್ತುವನ್ನು ದಾರದಲ್ಲಿ ಕಟ್ಟಿ ತಳಕ್ಕೆ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಆಗ ಬರುವ ಅಂಕಿಯಿಂದ ಮೊದಲಿನ ತೂಕವನ್ನು ಭಾಗಿಸಿ. ಒಣ ತೂಕ 295 ಗ್ರಾಂ, ನೀರಿನಲ್ಲಿ ಬಂದಿದ್ದು 100 ಆದರೆ 2.95. ಇದು ನೆಫ್ರೈಟ್‌ನ ಅಂಕಿ. 3.3ರ ಆಸುಪಾಸು ಬಂದರೆ ಜೇಡೈಟ್ ಇರಬಹುದು. 2.65 ಬಂದರೆ ಬೆಣಚಿನ ಜಾತಿ, 2.6ಕ್ಕೂ ಕೆಳಗೆ ಹೋದರೆ ಸರ್ಪೆಂಟೈನ್ ಅಥವಾ ಗಾಜಿನ ಅನುಮಾನ. ಲೋಹದ ಕಟ್ಟು, ಮರದ ಪೀಠ ಅಂಟಿದ್ದರೆ ಈ ಲೆಕ್ಕ ನಡೆಯುವುದಿಲ್ಲ. ರತ್ನ ಪರೀಕ್ಷೆಯ ಲ್ಯಾಬ್‌ಗೆ ಕೊಟ್ಟರೆ ಇದನ್ನೇ ಇನ್ನೂ ಖಚಿತವಾಗಿ ಹೇಳುತ್ತಾರೆ.

ಇಲ್ಲಿಗೆ ಸುಲಭದ ಭಾಗ ಮುಗಿಯಿತು.

ಉಳಿಗೆ ಬಗ್ಗದ ಕಲ್ಲು

ಬೇಲೂರು, ಹಳೇಬೀಡಿನ ಶಿಲ್ಪಗಳು ಬಳಪದ ಕಲ್ಲಿನವು. ಗಣಿಯಿಂದ ತೆಗೆದಾಗ ಅದು ಮೆದು, ಉಳಿಗೆ ಬಗ್ಗುತ್ತದೆ. ಜೇಡ್ ಹಾಗಲ್ಲ. ನೆಫ್ರೈಟ್‌ನ ಒಳಗೆ ಸಣ್ಣ ಎಳೆಗಳು ಕಂಬಳಿಯ ಉಣ್ಣೆಯಂತೆ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಉಳಿ ಇಟ್ಟು ಹೊಡೆದರೆ ಬೇಕಾದ ಕಡೆ ಒಡೆಯುವುದಿಲ್ಲ. ಹಾಗಾಗಿ 'ಜೇಡ್ ಕೆತ್ತನೆ' ಅನ್ನುವ ಮಾತೇ ಪೂರ್ತಿ ಸರಿಯಲ್ಲ. ಅದನ್ನು ಸಾಣೆ ಹಿಡಿದ ಹಾಗೆ ಸವೆಸುತ್ತಾರೆ. ಕಾಲಿನಿಂದ ತುಳಿದು ತಿರುಗಿಸುವ ಚಕ್ರ, ನೀರು, ಜೇಡ್‌ಗಿಂತ ಗಟ್ಟಿಯಾದ ಮರಳಿನ ಪುಡಿ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಇದೇ ಕೆಲಸ.

ಬೀಜಿಂಗ್‌ನ ಅರಮನೆ ವಸ್ತುಸಂಗ್ರಹಾಲಯದಲ್ಲಿ ಪ್ರವಾಹ ಪಳಗಿಸಿದ ಪುರಾಣದ ರಾಜ ಯೂನ ಕತೆ ಬಿಡಿಸಿರುವ ಜೇಡ್ ಬೆಟ್ಟವೊಂದಿದೆ. ಎತ್ತರ 224 ಸೆಂಟಿಮೀಟರ್, ತೂಕ 5 ಟನ್‌ಗೂ ಮೇಲೆ. ಬಂಡೆಯನ್ನು ಶಿನ್‌ಜಿಯಾಂಗ್‌ನಿಂದ ಬೀಜಿಂಗ್‌ಗೆ ಎಳೆದು ತರುವುದಕ್ಕೇ ವರ್ಷಗಳು ಹಿಡಿದವು. ಅಲ್ಲಿಂದ ದಕ್ಷಿಣದ ಯಾಂಗ್‌ಝೋಗೆ ಕಳಿಸಿ, ಕೆಲಸ ಮಾಡಿಸಿ, 1787ರಲ್ಲಿ ವಾಪಸ್ ತಂದರು. ಮಾಡಿಸಿದ್ದು ಅದೇ ಚಿಯೆನ್‌ಲಾಂಗ್. 1759ರ ಹೊತ್ತಿಗೆ ಅವನ ಸೈನ್ಯ ಶಿನ್‌ಜಿಯಾಂಗ್ ಗೆದ್ದುಕೊಂಡಿತ್ತು. ಗೆದ್ದ ಮೇಲೆ ಖೋತಾನ್ ಜೇಡ್ ಅರಮನೆಗೆ ಹರಿದುಬಂತು. ಒಳ್ಳೆಯ ಕಲ್ಲು, ದುಡ್ಡು, ಹುಚ್ಚು ಆಸಕ್ತಿ ಮೂರೂ ಕೂಡಿದ್ದರಿಂದ ಆ ಕಾಲದ ಕೆಲಸಕ್ಕೆ ಇವತ್ತಿಗೂ ಬೇಡಿಕೆ ಜಾಸ್ತಿ.

ಈ ಸಾಣೆಯ ಕತೆ ಯಾಕೆ ಮುಖ್ಯ ಅಂದರೆ, ಕಾಲ ಗುರುತಿಸಲು ಜಾಣರು ನೋಡುವುದು ಅದರ ಗುರುತನ್ನೇ. ಕಾಲಿನಿಂದ ತುಳಿದ ಚಕ್ರದ ಗೆರೆ ಭೂತಗನ್ನಡಿಯಲ್ಲಿ ಒಂದೇ ಸಮ ಇರುವುದಿಲ್ಲ, ಅಲ್ಲಲ್ಲಿ ತಡವರಿಸಿರುತ್ತದೆ. ಮೋಟಾರಿಗೆ ಕಟ್ಟಿದ ವಜ್ರದ ಬಿಟ್, ಅಂದರೆ ಕೊರೆಯುವ ಮೊನೆ, ಚೂಪಾಗಿ, ನೇರವಾಗಿ, ಅವಸರದಲ್ಲಿ ಕೊರೆಯುತ್ತದೆ. ಹಳೇ ಕೆಲಸದಲ್ಲಿ ಕೈಗೆ ಸಿಗದ ಮೂಲೆಯನ್ನೂ, ಅಡಿಭಾಗವನ್ನೂ ತಾಳ್ಮೆಯಿಂದ ನುಣುಪು ಮಾಡಿರುತ್ತಾರೆ. ಅಗ್ಗದ ಹೊಸ ಕೆಲಸದಲ್ಲಿ ಮುಂದೆ ಫಳಫಳ, ಸಂದಿಯಲ್ಲಿ ಒರಟು. ಕಣ್ಣು ಪಳಗಿದವರಿಗೆ ಇದು ಬೇಗ ಕಾಣುತ್ತದೆ.

ಆದರೆ ಈ ಪರೀಕ್ಷೆ ಒಂದೇ ಕಡೆ ಕೆಲಸ ಮಾಡುತ್ತದೆ. ಮೋಟಾರಿನ ಗುರುತು ಸಿಕ್ಕರೆ ಹೊಸದು ಅನ್ನಬಹುದು. ಸಿಗದಿದ್ದರೆ ಹಳೆಯದು ಅನ್ನುವ ಹಾಗಿಲ್ಲ. ಹಳೇ ವಿಧಾನವನ್ನೇ ಹಿಡಿದು ಹೊಸದು ಮಾಡುವುದಕ್ಕೆ ಯಾರ ಅಡ್ಡಿಯೂ ಇಲ್ಲವಲ್ಲ?

ಚಕ್ರವರ್ತಿಯೇ ಮೋಸ ಹೋಗಿದ್ದ

ಮರ, ಎಲುಬು, ಬಟ್ಟೆಯಂಥ ವಸ್ತುವಾದರೆ ಕಾರ್ಬನ್ ಪರೀಕ್ಷೆ ಮಾಡಬಹುದು. ಸುಟ್ಟ ಮಣ್ಣಿನ ಮಡಕೆಯಾದರೆ ಅದು ಕೊನೆಯ ಸಲ ಯಾವಾಗ ಬೆಂಕಿ ಕಂಡಿತು ಅಂತ ಅಂದಾಜು ಮಾಡುವ ವಿಧಾನವಿದೆ. ಜೇಡ್ ಕಲ್ಲು. ಕಲ್ಲು ಹುಟ್ಟಿದ್ದು ಕೋಟ್ಯಂತರ ವರ್ಷ ಹಿಂದೆ. ಅದನ್ನು ಆನೆಯಾಗಿಯೋ ಬಟ್ಟಲಾಗಿಯೋ ಮಾಡಿದ್ದು 200 ವರ್ಷ ಹಿಂದೆಯೋ ಕಳೆದ ವಾರವೋ ಅಂತ ಕಲ್ಲು ಹೇಳುವುದಿಲ್ಲ. ಲ್ಯಾಬ್ ಸರ್ಟಿಫಿಕೇಟಿನಲ್ಲಿ 'ನೈಸರ್ಗಿಕ ನೆಫ್ರೈಟ್' ಅಂತ ಬರೆದುಕೊಟ್ಟರೆ ಅದು ಕಲ್ಲಿನ ಮಾತು, ವಯಸ್ಸಿನ ಮಾತಲ್ಲ. ಆನ್‌ಲೈನ್‌ನಲ್ಲಿ ಮಾರುವ ಎಷ್ಟೋ ಜನ ಈ ಸರ್ಟಿಫಿಕೇಟನ್ನೇ ಮುಂದಿಟ್ಟು 'ಪುರಾತನ' ಅಂತ ಪಕ್ಕದಲ್ಲಿ ತಾವೇ ಸೇರಿಸುತ್ತಾರೆ. ಕೊಳ್ಳುವವರು ಎಡವುವುದು ಇಲ್ಲೇ.

ಇದು ಇವತ್ತಿನ ಕತೆಯೇನಲ್ಲ. 1753ರಲ್ಲಿ ಚಿಯೆನ್‌ಲಾಂಗ್ ಒಂದು ಜೇಡ್ ಬಟ್ಟಲಿನ ಬಗ್ಗೆ ಬರಹವೊಂದನ್ನು ಬರೆದ. ಬಟ್ಟಲಿನ ಮೈಮೇಲೆ ಹಳೇ ಕಲೆ, ಕಂದು ಬಣ್ಣ. ಹಾನ್ ಕಾಲದ್ದಿರಬೇಕು ಅಂತ ಅವನಿಗೆ ಕಂಡಿತ್ತು. ಅರಮನೆಯ ಜೇಡ್ ಕೆಲಸಗಾರ ಯಾವ್ ಝೊಂಗ್‌ರೆನ್‌ಗೆ ತೋರಿಸಿದ. ಅವನು ನಕ್ಕು, ಅಯ್ಯೋ, ಇದು ನಮ್ಮ ತಾತನ ಕೆಲಸ ಅಂದುಬಿಟ್ಟ. ಹೇಗೆ ಕಲ್ಲಿನ ಮೆದು ಜಾಗ ಹುಡುಕಿ ಸಣ್ಣ ಚುಕ್ಕೆ ಕೊರೆಯುತ್ತಾರೆ, ಹೇಗೆ ಬಣ್ಣ ಹಾಕಿ ದೀಪದ ಕಾವಿನಲ್ಲಿ ಹಗಲು ರಾತ್ರಿ ತಿಂಗಳುಗಟ್ಟಲೆ ಇಡುತ್ತಾರೆ ಅಂತಲೂ ವಿವರಿಸಿದ. ಜಗತ್ತಿನ ದೊಡ್ಡ ಜೇಡ್ ಸಂಗ್ರಹ ಇಟ್ಟುಕೊಂಡವನೇ ಮೋಸ ಹೋಗಿದ್ದ. ಅದನ್ನು ಮುಚ್ಚಿಡದೆ ತಾನೇ ಬರೆದಿಟ್ಟ ಅನ್ನುವುದು ಅವನ ದೊಡ್ಡತನ.

ಇದರಲ್ಲಿ ಇನ್ನೊಂದು ತೊಡಕಿದೆ. ಹಳೆಯದರಂತೆ ಕಾಣುವುದೆಲ್ಲ ಮೋಸ ಅಲ್ಲ. ಚೀನಾದಲ್ಲಿ ಹಿಂದಿನವರ ಮಾದರಿಯಲ್ಲಿ ಮಾಡುವುದು ಗೌರವದ ಕೆಲಸ. ಚಿಯೆನ್‌ಲಾಂಗ್ ತಾನೇ ಪುರಾತನ ಕಂಚಿನ ಪಾತ್ರೆಗಳ ಆಕಾರದಲ್ಲಿ ಜೇಡ್ ಪಾತ್ರೆ ಮಾಡಿಸಿ, ಅಡಿಯಲ್ಲಿ 'ಚಿಂಗ್ ರಾಜ್ಯದ ಚಿಯೆನ್‌ಲಾಂಗ್ ಕಾಲದಲ್ಲಿ ಪುರಾತನ ಮಾದರಿಯಲ್ಲಿ ಮಾಡಿದ್ದು' ಅಂತ ಬರೆಸುತ್ತಿದ್ದ. ಆ ಬರಹ ನಿಜವಾದರೆ ಅದು 18ನೇ ಶತಮಾನದ ಅಸಲಿ ವಸ್ತು. ಬರಹವನ್ನೇ ಆಮೇಲೆ ಯಾರಾದರೂ ಕೊರೆದಿದ್ದರೆ? ಮಿಂಗ್ ಕಾಲದ ಸುಝೋ ಊರಿನ ಲು ಝಿಗಾಂಗ್ ಎಂಬ ಪ್ರಸಿದ್ಧ ಕಲಾವಿದನ ಹೆಸರಂತೂ ಅವನು ಸತ್ತು ನೂರಾರು ವರ್ಷದ ನಂತರದ ಜೇಡ್‌ಗಳ ಮೇಲೂ ಧಾರಾಳವಾಗಿ ಸಿಗುತ್ತದೆ. ಹೆಸರು ಕೊರೆಯುವುದಕ್ಕೆ ಒಂದು ಮಧ್ಯಾಹ್ನ ಸಾಕು.

ಐದು ಸಾವಿರ ವರ್ಷ ಹಿಂದಿನ ಲಿಯಾಂಗ್‌ಝು, ಹಾಂಗ್‌ಶಾನ್ ಎಂಬ ಸಂಸ್ಕೃತಿಗಳ ಜೇಡ್‌ಗಳ ಕತೆ ಇನ್ನೂ ಕಷ್ಟ. ಅವು ಗೋರಿಗಳಲ್ಲಿ ಸಿಗುವ ವಸ್ತುಗಳು. ಮಣ್ಣಿನಲ್ಲಿ ಬಹಳ ಕಾಲ ಇದ್ದ ಜೇಡ್ ಕೆಲವೊಮ್ಮೆ ಬಿಳಿಚಿಕೊಂಡು ಸುಣ್ಣದಂತಾಗುತ್ತದೆ. ಬೆಂಕಿಯಲ್ಲಿ ಕಾಯಿಸಿದರೂ ಹಾಗೇ ಆಗುತ್ತದೆ. ನಕಲಿ ಮಾಡುವವರಿಗೆ ಇಷ್ಟು ಸಾಕು.

ಹಾಗಾದರೆ ದುಡ್ಡು ಕೊಡುವುದು ಯಾವುದಕ್ಕೆ?

ಕಲ್ಲು ಮೊದಲ ಮೆಟ್ಟಿಲು. ಬಣ್ಣ ಎಷ್ಟು ಒಂದೇ ಸಮ ಇದೆ, ಬಿರುಕಿದೆಯಾ, ಅಂಚು ಒಡೆದಿದೆಯಾ, ಒಡೆದ ಅಂಚನ್ನು ಮತ್ತೆ ಸಾಣೆ ಹಿಡಿದು ಮುಚ್ಚಿದ್ದಾರಾ. ಎರಡನೆಯದು ಕೆಲಸ. ಮೂರನೆಯದು ಏನನ್ನು ಮಾಡಿದ್ದಾರೆ ಅನ್ನುವುದು. ಚೀನೀ ಕೆತ್ತನೆಗಳಲ್ಲಿ ಒಗಟುಗಳಿರುತ್ತವೆ. ನಮಗೆ ಬಾವಲಿ ಅಪಶಕುನ. ಅಲ್ಲಿ ಬಾವಲಿಯ ಹೆಸರೂ ಭಾಗ್ಯ ಅನ್ನುವ ಪದವೂ ಒಂದೇ ಉಚ್ಚಾರ, ಹಾಗಾಗಿ ಅದು ಶುಭ. ಕುದುರೆ ಮೇಲೆ ಕೂತ ಕೋತಿ ಅಂದರೆ ಬೇಗ ದೊಡ್ಡ ಹುದ್ದೆ ಸಿಗಲಿ ಅಂತ ಹಾರೈಕೆ. ಈ ಒಗಟು ಗೊತ್ತಿಲ್ಲದೆ ಮಾಡಿದ ನಕಲಿಗಳಲ್ಲಿ ಪ್ರಾಣಿಗಳ ಜೋಡಿಯೇ ತಪ್ಪಿರುತ್ತದೆ.

ಇವೆಲ್ಲ ಸೇರಿದರೂ ಒಂದು ಮಟ್ಟದವರೆಗಷ್ಟೇ ಬೆಲೆ ಏರುತ್ತದೆ. ಅಲ್ಲಿಂದ ಮೇಲೆ ಏರಿಸುವುದು ವಸ್ತು ನಡೆದು ಬಂದ ದಾರಿಯ ದಾಖಲೆ. ಯಾವಾಗ ಯಾರು ಕೊಂಡರು, ಯಾವ ಅಂಗಡಿಯ ಬಿಲ್ಲಿದೆ, ಯಾವ ಹಳೇ ಕ್ಯಾಟಲಾಗಿನಲ್ಲಿ ಫೋಟೋ ಇದೆ. ವಯಸ್ಸು ಹೇಳುವ ಯಂತ್ರ ಇಲ್ಲದ ಕಡೆ 1935ರ ಒಂದು ಬಿಲ್ಲು ಕನಿಷ್ಠ ಪಕ್ಷ ಈ ವಸ್ತು 1935ಕ್ಕೆ ಮೊದಲೇ ಇತ್ತು ಅಂತ ಸಾಬೀತು ಮಾಡುತ್ತದೆ. ವಜ್ರದ ಬಿಟ್, ಮೋಟಾರಿನ ನಕಲಿಗಳ ಇಡೀ ಕಾಲವನ್ನು ಒಂದೇ ಏಟಿಗೆ ಆಚೆ ಇಡುತ್ತದೆ. ಅಮೆರಿಕದ ಹೆಬರ್ ಬಿಷಪ್ ತನ್ನ ಸಾವಿರಕ್ಕೂ ಹೆಚ್ಚು ಜೇಡ್‌ಗಳನ್ನು ನ್ಯೂಯಾರ್ಕ್‌ನ ಮೆಟ್ರೋಪಾಲಿಟನ್ ಮ್ಯೂಸಿಯಂಗೆ ಕೊಟ್ಟಿದ್ದು 1902ರಲ್ಲಿ. ಅಂಥ ಹಳೇ ಸಂಗ್ರಹಗಳ ಹೆಸರು ಅಂಟಿದ ವಸ್ತು ಮಾರುಕಟ್ಟೆಗೆ ಬಂದರೆ ಅಂಥದ್ದೇ ಇನ್ನೊಂದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಬರುವುದು ಇದಕ್ಕೇ. 140 ಕೋಟಿಯ ಮುದ್ರೆಯ ಗುಟ್ಟೂ ಇದೇ: ಚಿಯೆನ್‌ಲಾಂಗ್‌ನ ಮುದ್ರೆಗಳ ಅಚ್ಚುಗಳನ್ನು ಅರಮನೆಯಲ್ಲೇ ದಾಖಲೆ ಮಾಡಿಟ್ಟಿದ್ದರು. ಮುದ್ರೆಯ ಅಕ್ಷರವನ್ನು ಆ ಅಚ್ಚಿನ ಜೊತೆ ಹೋಲಿಸಿ ನೋಡಬಹುದು.

ದಾಖಲೆ ಬದಲು ಬರೀ 'ತಜ್ಞರ ಅಭಿಪ್ರಾಯ' ಇದ್ದರೆ ಏನಾಗುತ್ತದೆ ಅನ್ನುವುದಕ್ಕೂ ಚೀನಾದಲ್ಲೇ ಉದಾಹರಣೆ ಇದೆ. ಉದ್ಯಮಿಯೊಬ್ಬ ಜೇಡ್ ಚೂರುಗಳನ್ನು ಚಿನ್ನದ ತಂತಿಯಲ್ಲಿ ಹೆಣೆದ, ಹಾನ್ ರಾಜರ ಶವದ ಉಡುಪಿನ ನಕಲಿ ಮಾಡಿಸಿದ. ಹೆಸರಾಂತ ತಜ್ಞರು ಅದನ್ನು ಗಾಜಿನ ಪೆಟ್ಟಿಗೆಯ ಆಚೆಯಿಂದಲೇ ನೋಡಿ 240 ಕೋಟಿ ಯುವಾನ್ ಅಂತ ಬರೆದುಕೊಟ್ಟರು. ಅದನ್ನು ತೋರಿಸಿ ಅವನು ಬ್ಯಾಂಕಿನಲ್ಲಿ ಸಾಲ ತೆಗೆದ. 2011ರಲ್ಲಿ ಇದು ಸುದ್ದಿಯಾದಾಗ ಇಡೀ ಮೌಲ್ಯಮಾಪನದ ವ್ಯವಸ್ಥೆಯೇ ನಗೆಪಾಟಲಾಯಿತು.

ಸವಾಲು ಕೂಗಿದ್ದು, ಕೈಗೆ ಬಂದಿದ್ದು

ಪತ್ರಿಕೆಯಲ್ಲಿ ಬರುವ ಅಂಕಿ ಮಾರುವವರ ಕೈಗೆ ಬರುವ ಅಂಕಿ ಅಲ್ಲ. ಸುತ್ತಿಗೆ ಬಡಿದ ಬೆಲೆ 10 ಲಕ್ಷ ಅಂದುಕೊಳ್ಳಿ. ಕೊಂಡವರು ಅದರ ಮೇಲೆ ಸುಮಾರು ಕಾಲು ಭಾಗ ಸಂಸ್ಥೆಗೆ ಕೊಡುತ್ತಾರೆ, ಅವರಿಗೆ 12.5 ಲಕ್ಷ ಆಗುತ್ತದೆ. ಮಾರುವವರಿಂದಲೂ ಕಮಿಷನ್ ಹಿಡಿಯುತ್ತಾರೆ. 15% ಅಂತ ಇಟ್ಟುಕೊಂಡರೆ 8.5 ಲಕ್ಷ ಉಳಿಯಿತು. ಫೋಟೋ, ವಿಮೆ, ಸಾಗಣೆ ಬೇರೆ. ಸುದ್ದಿಯಲ್ಲಿ ಸಾಮಾನ್ಯವಾಗಿ ಬರುವುದು 12.5ರ ಅಂಕಿ.

ಇನ್ನು ಹರಾಜಿಗೆ ಮೊದಲು ಹೇಳುವ ಅಂದಾಜು ಬೆಲೆ. ಅದನ್ನು ಬೇಕಂತಲೇ ಕಡಿಮೆ ಇಡುವುದುಂಟು, ಜನ ಬರಲಿ ಅಂತ. 'ಅಂದಾಜಿಗಿಂತ 20 ಪಟ್ಟು' ಅನ್ನುವ ತಲೆಬರಹಗಳಲ್ಲಿ ಅರ್ಧ ಪವಾಡ, ಅರ್ಧ ಈ ಲೆಕ್ಕಾಚಾರ. ಇನ್ನೊಂದು ಕಾರಣ ಇದೆ: ಸಣ್ಣ ಊರಿನ ಹರಾಜಿನವರಿಗೆ ವಸ್ತು ಏನೆಂದು ಗೊತ್ತಿರುವುದಿಲ್ಲ, ಆದರೆ ಫೋಟೋ ನೋಡಿದ ಇಬ್ಬರು ಚೀನೀ ವ್ಯಾಪಾರಿಗಳಿಗೆ ಗೊತ್ತಾಗಿರುತ್ತದೆ. ಇಬ್ಬರಿದ್ದರೆ ಬೆಲೆ ಆಕಾಶಕ್ಕೆ. ಒಬ್ಬರೇ ಇದ್ದರೆ ಪುಕ್ಕಟೆ ಅನ್ನುವ ಬೆಲೆಗೆ ಹೋಗಿಬಿಡುತ್ತದೆ.

ದುಡ್ಡು ಬಾರದೇ ಹೋಗುವುದೂ ಇದೆ. 2010ರಲ್ಲಿ ಲಂಡನ್ ಹೊರವಲಯದ ಒಂದು ಹರಾಜಿನಲ್ಲಿ ಚಿಯೆನ್‌ಲಾಂಗ್ ಕಾಲದ ಪಿಂಗಾಣಿ ಹೂಜಿಗೆ ಕಮಿಷನ್ ಸೇರಿ 5 ಕೋಟಿ ಪೌಂಡಿಗೂ ಮೇಲಾಗುವಂತೆ ಕೂಗಿದರು. ಕೂಗಿದವರು ದುಡ್ಡು ಕಟ್ಟಲೇ ಇಲ್ಲ. 2013ರಲ್ಲಿ ಅದು ಅರ್ಧಕ್ಕೂ ಕಡಿಮೆಗೆ ಖಾಸಗಿಯಾಗಿ ಮಾರಾಟವಾಯಿತು. 2009ರಲ್ಲಿ ಪ್ಯಾರಿಸ್‌ನಲ್ಲಿ ಬೀಜಿಂಗ್‌ನ ಹಳೇ ಬೇಸಿಗೆ ಅರಮನೆಯಿಂದ ಹೋದ ಇಲಿ ಮತ್ತು ಮೊಲದ ಕಂಚಿನ ತಲೆಗಳನ್ನು ಕೂಗಿದ ಚೀನೀ ವ್ಯಕ್ತಿ, ಇವು ಲೂಟಿಯ ಮಾಲು, ದುಡ್ಡು ಕೊಡುವುದಿಲ್ಲ ಅಂತ ಬಹಿರಂಗವಾಗಿಯೇ ಹೇಳಿದ.

ಕ್ಯಾಟಲಾಗಿನ ಭಾಷೆಯನ್ನೂ ಹುಷಾರಾಗಿ ಓದಬೇಕು. 'ಚಿಯೆನ್‌ಲಾಂಗ್ ಗುರುತು ಮತ್ತು ಕಾಲ' ಅಂದರೆ ಸಂಸ್ಥೆ ಅದು ಆ ಕಾಲದ್ದೇ ಅನ್ನುತ್ತಿದೆ. ಬರೀ 'ಚಿಯೆನ್‌ಲಾಂಗ್ ಗುರುತು' ಅಂದರೆ ಆ ಅಕ್ಷರ ಇದೆ ಅಷ್ಟೇ, ಕಾಲದ ಬಗ್ಗೆ ಮಾತಿಲ್ಲ. 'ಶೈಲಿಯ' ಅಂದರೆ ಬಹುಪಾಲು ಹೊಸದು. ದೊಡ್ಡ ಅಂತರರಾಷ್ಟ್ರೀಯ ಸಂಸ್ಥೆಗಳು ಮೊದಲ ಬಗೆಯ ಮಾತಿಗೆ ಐದು ವರ್ಷದ ಗ್ಯಾರಂಟಿ ಕೊಡುತ್ತವೆ. ಚೀನಾದ ಹರಾಜು ಕಾನೂನಿನ 61ನೇ ವಿಧಿಯಲ್ಲಿ ಮಾತ್ರ ಒಂದು ಕಿಂಡಿಯಿದೆ: ಅಸಲಿಯೆಂದು ಖಾತ್ರಿ ಕೊಡಲಾಗದು ಅಂತ ಹರಾಜಿಗೆ ಮೊದಲೇ ಹೇಳಿಬಿಟ್ಟರೆ ಸಂಸ್ಥೆಗೆ ಹೊಣೆಯಿಲ್ಲ. 22 ಕೋಟಿಯ ಮೇಜಿನಂಥ ವಸ್ತುಗಳು ಹರಾಜಿನ ಮೆಟ್ಟಿಲು ಹತ್ತುವುದು ಇಂಥ ಕಿಂಡಿಯ ದೆಸೆಯಿಂದ.

ಹೊಸ ನಿಯಮ ಏನು ಹೇಳುತ್ತದೆ

ಯುರೋಪಿನ ನಿಯಮ ವಸ್ತುಗಳನ್ನು ಎರಡು ಗುಂಪು ಮಾಡುತ್ತದೆ. ನೆಲದಿಂದ ಅಗೆದು ತೆಗೆದ, 250 ವರ್ಷಕ್ಕಿಂತ ಹಳೆಯ ವಸ್ತುವಾದರೆ ಬೆಲೆ ಎಷ್ಟೇ ಇರಲಿ ಆಮದು ಪರವಾನಗಿ ಬೇಕು. ಗೋರಿಯ ಜೇಡ್‌ಗಳು ಇದರಲ್ಲಿ ಬೀಳುತ್ತವೆ. ಉಳಿದ ಕಲಾವಸ್ತುಗಳು 200 ವರ್ಷ ದಾಟಿದ್ದು, ಬೆಲೆ 18,000 ಯೂರೋ ಅಥವಾ ಮೇಲಿದ್ದರೆ ತರುವವರು ಸಹಿ ಹಾಕಿದ ಹೇಳಿಕೆ ಕೊಡಬೇಕು. ಮೂಲ ದೇಶದಿಂದ ಕಾನೂನುಬದ್ಧವಾಗಿ ಹೊರಬಂದಿದೆ ಅಂತ ತೋರಿಸಬೇಕು. ಮೂಲ ದೇಶ ಗೊತ್ತಾಗದಿದ್ದರೆ, ಇಲ್ಲವೇ 1972ರ ಏಪ್ರಿಲ್ 24ಕ್ಕೆ ಮೊದಲೇ ಅಲ್ಲಿಂದ ಹೊರಬಂದಿದ್ದರೆ, ಐದು ವರ್ಷಕ್ಕೂ ಹೆಚ್ಚು ಇದ್ದ ಕೊನೆಯ ದೇಶದಿಂದ ಸರಿಯಾಗಿ ಬಂದಿದೆ ಅಂತ ತೋರಿಸಬಹುದು. ಆ ತಾರೀಖು ಇಂಥ ವಸ್ತುಗಳ ಅಕ್ರಮ ಸಾಗಣೆ ತಡೆಯುವ ಯುನೆಸ್ಕೋದ 1970ರ ಒಪ್ಪಂದ ಜಾರಿಗೆ ಬಂದ ದಿನ.

ಅಮೆರಿಕ 2009ರಿಂದಲೇ ಚೀನಾ ಜೊತೆಗಿನ ಒಪ್ಪಂದದಂತೆ ತಾಂಗ್ ಕಾಲದ ಕೊನೆ, ಅಂದರೆ ಕ್ರಿ.ಶ. 907ರವರೆಗಿನ ಪುರಾತತ್ವ ವಸ್ತುಗಳ ಆಮದನ್ನು ನಿರ್ಬಂಧಿಸಿದೆ. ಚೀನಾದಿಂದ ಹೊರಗೆ ಸಾಗಿಸಬಾರದ ಹಳೇ ವಸ್ತುಗಳ ಗಡಿ ಮೊದಲು 1795ನೇ ಇಸವಿ ಇತ್ತು, 2007ರಲ್ಲಿ ಅದನ್ನು 1911ಕ್ಕೆ ತಂದರು. 2025ರ ಮಾರ್ಚ್ 1ರಿಂದ ಅಲ್ಲಿ ತಿದ್ದುಪಡಿಯಾದ ಪುರಾತನ ವಸ್ತುಗಳ ಕಾನೂನು ಬಂದಿದೆ. ಕದ್ದು ಅಥವಾ ಅಕ್ರಮವಾಗಿ ಹೊರಹೋದದ್ದನ್ನು ವಾಪಸ್ ಕೇಳುವ ಹಕ್ಕಿಗೆ ಕಾಲಮಿತಿ ಇಲ್ಲ ಅಂತ ಅದು ಹೇಳುತ್ತದೆ.

ವ್ಯಾಪಾರಿಗಳ ವಾದ ಇದು: ನೂರು ವರ್ಷ ಹಿಂದೆ ಕೊಂಡವರು ಯಾರು ಬಿಲ್ಲು ಇಟ್ಟುಕೊಂಡಿದ್ದಾರೆ? ಅಜ್ಜಿಯ ಶೋಕೇಸಿನಲ್ಲಿದ್ದ ಬಟ್ಟಲಿಗೆ ರಫ್ತು ಪತ್ರ ಎಲ್ಲಿಂದ ತರೋಣ? ಕಳ್ಳರು ಕಾಗದವನ್ನೂ ಹುಟ್ಟಿಸುತ್ತಾರೆ, ಸಿಕ್ಕಿಬೀಳುವುದು ಪ್ರಾಮಾಣಿಕರು. ಪುರಾತತ್ವದವರು ಹೇಳುವುದು ಬೇರೆ. ದಾಖಲೆ ಕೇಳದ ಮಾರುಕಟ್ಟೆ ಇರುವವರೆಗೆ ಗೋರಿ ಅಗೆಯುವುದು ನಿಲ್ಲುವುದಿಲ್ಲ, ಅಗೆದ ಕ್ಷಣಕ್ಕೆ ಆ ವಸ್ತುವಿನ ಇತಿಹಾಸ ಹೋಯಿತು. ಚೀನಾ ಸರ್ಕಾರದ ಮನಸ್ಸಿನಲ್ಲಿರುವುದು 1860. ಬ್ರಿಟಿಷ್ ಮತ್ತು ಫ್ರೆಂಚ್ ಸೈನ್ಯ ಬೇಸಿಗೆ ಅರಮನೆಯನ್ನು ಲೂಟಿ ಮಾಡಿದ ವರ್ಷ. 'ಹಳೇ ಯುರೋಪಿನ ಸಂಗ್ರಹ' ಅನ್ನುವ ಮಾತು ವ್ಯಾಪಾರಿಗೆ ಬೆಲೆ ಏರಿಸುವ ಮಾತು, ಚೀನೀ ಓದುಗನಿಗೆ ಅದೇ ಗಾಯದ ನೆನಪು. ವ್ಯಾಪಾರಿಗಳ ಕಷ್ಟ ಸುಳ್ಳಲ್ಲ. ಆದರೆ ದಾಖಲೆ ಇರುವ ವಸ್ತುವಿಗೆ ಹೆಚ್ಚು ದುಡ್ಡು ತೆಗೆದುಕೊಂಡು, ಇಲ್ಲದ್ದಕ್ಕೆ ದಾಖಲೆ ಕೇಳಬೇಡಿ ಅನ್ನುವುದು ಸ್ವಲ್ಪ ಇಬ್ಬಗೆಯ ಮಾತೇ, ಅಲ್ವಾ?

ಕಳ್ಳತನದ ಭಯವೂ ಕಲ್ಪನೆಯಲ್ಲ. 2012ರ ಏಪ್ರಿಲ್‌ನಲ್ಲಿ ಕೇಂಬ್ರಿಡ್ಜ್‌ನ ಫಿಟ್ಸ್‌ವಿಲಿಯಂ ಮ್ಯೂಸಿಯಂನಿಂದ 18 ಚೀನೀ ವಸ್ತುಗಳು ಕಳುವಾದವು, ಹೆಚ್ಚಿನವು ಜೇಡ್. ಕಳ್ಳರಿಗೆ ಶಿಕ್ಷೆಯಾಯಿತು, ವಸ್ತುಗಳು ಸಿಗಲಿಲ್ಲ. ಅದೇ ತಿಂಗಳು ಡರ್ಹಮ್‌ನ ಮ್ಯೂಸಿಯಂನಿಂದ 1769ರ ಜೇಡ್ ಬಟ್ಟಲು ಹೋಯಿತು. ಕದ್ದವರು ಅದನ್ನು ಬಯಲಲ್ಲಿ ಬಚ್ಚಿಟ್ಟು, ಎಲ್ಲಿಟ್ಟೆವು ಅಂತ ಮರೆತರು. ಪೊಲೀಸರಿಗೆ ಸಿಕ್ಕಿತು!

ನಮ್ಮ ದೇಶದಲ್ಲಿ ಇಂಥದ್ದು ಇದ್ದರೆ

ಜೇಡ್ ನಮಗೆ ಪೂರ್ತಿ ಹೊರಗಿನದೂ ಅಲ್ಲ. ಮೊಘಲರು ತಂದು ಬಳಸಿದ್ದೂ ನೆಫ್ರೈಟ್. ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂಗೆ ಹೋದವರು ಅಲ್ಲಿನ ಜೇಡ್ ಕೋಣೆ ನೋಡಿರುತ್ತಾರೆ. ಮೊಘಲ್ ಕೆಲಸದ ತೆಳುವಾದ ಬಟ್ಟಲುಗಳು ಚಿಯೆನ್‌ಲಾಂಗ್‌ಗೂ ತಲುಪಿದವು. ಅವನ್ನು 'ಹಿಂದುಸ್ತಾನದ ಜೇಡ್' ಅಂತ ಕರೆದು, ಮೆಚ್ಚಿ ಪದ್ಯ ಬರೆದು, ಆ ಪದ್ಯವನ್ನು ಬಟ್ಟಲಿನ ಮೇಲೇ ಕೊರೆಸಿದ. ತನ್ನ ಕೆಲಸಗಾರರಿಂದ ಅದೇ ಮಾದರಿಯಲ್ಲಿ ಮಾಡಿಸಿದ ಕೂಡ. ಹೂವಿನ ಎಸಳಿನ ಆಕಾರದ ತೆಳು ಬಟ್ಟಲು ಕಂಡರೆ ಅದು ಹುಟ್ಟಿದ್ದು ಇಲ್ಲೋ ಅಲ್ಲೋ ಅಂತ ತಜ್ಞರೇ ತಲೆ ಕೆರೆದುಕೊಳ್ಳುವುದು ಇದಕ್ಕೆ.

ಭಾರತದಲ್ಲಿರುವ ಹಳೇ ಜೇಡ್‌ಗೆ 1972ರ ಪ್ರಾಚೀನ ವಸ್ತುಗಳ ಕಾಯ್ದೆ ಅನ್ವಯಿಸುತ್ತದೆ. 100 ವರ್ಷ ಮೀರಿದ ಕುಶಲ ಕೆಲಸದ ವಸ್ತು ಕಾಯ್ದೆಯ ಕಣ್ಣಿನಲ್ಲಿ ಪ್ರಾಚೀನ ವಸ್ತು. ಹುಟ್ಟಿದ್ದು ಚೀನಾದಲ್ಲಿ ಅನ್ನುವುದು ವಿನಾಯಿತಿ ಅಲ್ಲ. ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಕಳಿಸುವ ಹಾಗಿಲ್ಲ. ಅದರ ವ್ಯಾಪಾರ ಮಾಡುವುದಕ್ಕೂ ಲೈಸೆನ್ಸ್ ಬೇಕು. ಹೊಸದು ಅನ್ನುವುದಾದರೆ ಪುರಾತತ್ವ ಇಲಾಖೆಯಿಂದ 'ಇದು ಪ್ರಾಚೀನ ವಸ್ತುವಲ್ಲ' ಅನ್ನುವ ಪತ್ರ ಪಡೆದು ಕಳಿಸಬಹುದು. ಹಾಂಗ್‌ಕಾಂಗ್‌ನ ಬೆಲೆ ನೋಡಿ ಅಟ್ಟದ ಮೇಲಿನ ಬೊಂಬೆ ಇಳಿಸುವವರು ಈ ಬಿಕ್ಕಟ್ಟನ್ನು ಮೊದಲೇ ತಿಳಿದುಕೊಳ್ಳಬೇಕು. ಹೊರಗೆ ಕಳಿಸಬೇಕಾದರೆ ಅದು ಹಳೆಯದಲ್ಲ ಅಂತ ಸಾಬೀತಾಗಬೇಕು, ಆ ಬೆಲೆ ಬರಬೇಕಾದರೆ ಹಳೆಯದು ಅಂತ ಸಾಬೀತಾಗಬೇಕು. ಎರಡೂ ಒಟ್ಟಿಗೆ ಆಗುವುದಿಲ್ಲ. ದೇಶದೊಳಗೆ ಲೈಸೆನ್ಸ್ ಇರುವವರ ಮೂಲಕ ಮಾರುವ ದಾರಿಯೊಂದೇ ಉಳಿಯುತ್ತದೆ, ಅಲ್ಲಿ ಚೀನೀ ಜೇಡ್ ಕೊಳ್ಳುವವರು ಕಡಿಮೆ.

ಮುಂದೇನಾಗಬಹುದು

ಮಾರುಕಟ್ಟೆ ಎರಡಾಗಿ ಸೀಳುವ ಸಾಧ್ಯತೆ ಜಾಸ್ತಿ. ದಾಖಲೆ ಇರುವ ಜೇಡ್ ಇನ್ನೂ ದುಬಾರಿಯಾಗುತ್ತದೆ, ಯಾಕೆಂದರೆ ಅದು ಎಲ್ಲ ಗಡಿ ದಾಟಬಲ್ಲದು. ದಾಖಲೆ ಇಲ್ಲದ್ದು ಇರುವ ದೇಶದಲ್ಲೇ ಉಳಿಯುತ್ತದೆ, ಅಥವಾ ನಿಯಮ ಸಡಿಲ ಇರುವ ಕಡೆಗೆ ಸರಿಯುತ್ತದೆ. ಬ್ರಿಟನ್ ಈಗ ಯೂನಿಯನ್ನಿನಿಂದ ಹೊರಗಿದೆ. ಲಂಡನ್ನಿನ ಬಟ್ಟಲು ಪ್ಯಾರಿಸ್‌ಗೆ ಹೋದರೆ ಅದು ಆಮದು, ಹೊಸ ನಿಯಮ ತಾಗುತ್ತದೆ. ಅದೇ ಬಟ್ಟಲು ಹಾಂಗ್‌ಕಾಂಗ್‌ಗೆ ಹೋದರೆ ತಾಗುವುದಿಲ್ಲ. 18,000 ಯೂರೋಗಿಂತ ಸ್ವಲ್ಪ ಕೆಳಗೆ ಬೆಲೆ ತೋರಿಸುವ ಆಸೆಯೂ ಹುಟ್ಟಬಹುದು. ಗೋರಿಯ ಜೇಡ್‌ಗಳಿಗಂತೂ ಬೆಲೆಯ ಆಟ ನಡೆಯುವುದಿಲ್ಲ. ಅಲ್ಲಿ ಕಾಗದ ಇಲ್ಲದ್ದು ದೊಡ್ಡ ಹರಾಜುಗಳಿಂದ ಹೆಚ್ಚುಕಡಿಮೆ ಮಾಯವಾಗಬೇಕು.

ಇನ್ನೊಂದು ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಬೆಲೆ ಎಲ್ಲಿರುತ್ತದೋ ನಕಲಿಯೂ ಅಲ್ಲಿಗೇ ಬರುತ್ತದೆ. ಕಲ್ಲಿಗೆ ದೀಪದ ಕಾವು ಕೊಡುತ್ತಿದ್ದವರ ಮೊಮ್ಮಕ್ಕಳು ಇನ್ನು 1930ರ ಲಂಡನ್ ಅಂಗಡಿಯ ರಸೀದಿಗೆ ಚಹಾದ ಕಲೆ ಹಚ್ಚಿಯಾರು. ಆದರೆ ಕಾಗದ ಯಾವ ನಾರಿನದು, ಶಾಯಿ ಯಾವ ಕಾಲದ್ದು, ಆ ಅಂಗಡಿ ಆ ವರ್ಷ ಆ ಬೀದಿಯಲ್ಲಿತ್ತಾ ಅಂತ ಪರೀಕ್ಷಿಸಲು ಲ್ಯಾಬೂ ಇದೆ, ಹಳೇ ಡೈರೆಕ್ಟರಿಗಳೂ ಇವೆ.